ಸವಾನಾದಲ್ಲಿ ಸಪ್ಪಳವಿಲ್ಲದ ಮಷೀನು

ಮುನವಳ್ಳಿ

ಪ್ರವಾಸಕ್ಕೆ ಹೋಗಿ ಬಂದವರು ಅಲ್ಲಿ ನೋಡಿದ್ದನ್ನು ಬರೆಯುತ್ತಾರೆ. ನಾನು ನೋಡಲಿಕ್ಕೆ ಹೋದವಳಲ್ಲ. ಅಮೆರಿಕದ ಸವಾನಾ ಎಂಬ ಊರಿಗೆ ನಾನು ಹೋದದ್ದು ಒಂದು ಸುಳ್ಳು ಹೇಳಲಿಕ್ಕೆ. ಮನೆಯಲ್ಲಿ ಆಗಲೇ ಹೇಳಿ ಪಳಗಿದ ಸುಳ್ಳು ಅದು. ಅಲ್ಲಿಯ ವಕೀಲರ ಮುಂದೆ ಇನ್ನೊಮ್ಮೆ ಹೇಳಿದರೆ ಮುಗಿಯಿತು ಎಂದುಕೊಂಡಿದ್ದೆ.

ಮುನವಳ್ಳಿಯ ಬಜಾರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ನಾನು ತವರೂರು ಸುರೇಬಾನದ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿ ಬಿಟ್ಟವಳು. ನನ್ನ ತಮ್ಮ ಬಸು ಬೆಳಗಾವಿಯ ಹೋಟೆಲಿನಲ್ಲಿ ಅಡುಗೆ ಕಲಿತು, ಗೋವೆಗೆ ಹೋಗಿ, ಅಲ್ಲಿಂದ ಸಾಮಾನಿನ ಹಡಗಿನಲ್ಲಿ ಅಡುಗೆಯವನಾದ. ಚಿಕ್ಕವನಿದ್ದಾಗ ಮಲಪ್ರಭೆಯ ಡ್ಯಾಮಿನ ಗೋಡೆಯ ಮೇಲೆ ನಿಲ್ಲಲಿಕ್ಕೂ ಅಂಜುತ್ತಿದ್ದವನು ಸಮುದ್ರದ ಮೇಲೆ ಹೇಗೆ ಮಲಗುತ್ತಾನೋ ಎಂದು ನಾವೆಲ್ಲ ನಗುತ್ತಿದ್ದೆವು. ಹಡಗು ಸವಾನಾದ ಬಂದರಿನ ಹೊರಗೆ ಪಾಳಿಗೆ ಕಾಯುತ್ತ ನಿಂತಾಗ ಅವನು ಎದೆನೋವಿನಿಂದ ತೀರಿಕೊಂಡ.

ಹಡಗಿನ ಕಂಪನಿಯವರು ಹೇಳಿದ್ದು ಇಷ್ಟು: ತನಗೆ ಆರಾಮಿಲ್ಲ ಎಂದು ಅವನು ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ಡಾಕ್ಟರರ ಬಳಿ ಕಳಿಸುತ್ತಿದ್ದೆವು. ಹೀಗೆ ತಪ್ಪೆಲ್ಲ ಸತ್ತವನದೇ ಆಯಿತು. ಅವನ ಹೆಂಡತಿ ಶೋಭಾ ಇದನ್ನು ಒಪ್ಪಲಿಲ್ಲ. ಸವಾನಾದ ಒಬ್ಬ ವಕೀಲರು ಅವಳ ಪರವಾಗಿ ನಿಂತರು. ಸಾಯುವ ಹಿಂದಿನ ದಿನ ಬಸುವಿನ ಫೋನಿನಿಂದ ನನ್ನ ಫೋನಿಗೆ ಕರೆ ಬಂದದ್ದು ಅವರಿಗೆ ತಿಳಿಯಿತು. ಆ ಕರೆಯಲ್ಲಿ ಅವನು ಏನೆಂದ ಎಂಬುದು ಅವರಿಗೆ ಬೇಕಾಗಿತ್ತು.

"ಫೋನ್ ಬಂದಿತ್ತು, ಆದ್ರ ದನಿ ಬರಲಿಲ್ಲ," ಎಂದು ನಾನು ಶೋಭಾಳಿಗೆ ಹೇಳಿದ್ದೆ.

ದನಿ ಬಂದಿತ್ತು. ಲಗ್ನದ ಸೀಜನ್, ಜಂಪರಗಳ ರಾಶಿ. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಮಷೀನು ತುಳಿಯುತ್ತಲೇ ಮಾತಾಡಿದೆ. "ಅಕ್ಕಾ, ಎದಿ ನೋಯ್ತೈತಿ," ಎಂದ. "ಡಾಕ್ಟರ್ ಕಡೆ ಬಿಡವಲ್ರು. ನೀ ಕಂಪನಿ ಮುಂಬೈ ಆಫೀಸಿಗೆ ಒಂದ್ ಫೋನ್ ಹಚ್ಚಿ ಹೇಳು." ನಾನು, "ಗ್ಯಾಸ್ ಆಗಿರ್ತೈತಿ, ಅಜವಾನ ನೀರ ಕುಡಿ. ನಾಳೆ ಹಚ್ಚತೇನಿ ತಗೊ," ಎಂದೆ. ಮರುದಿನ ಫೋನು ಕೈಯಲ್ಲಿ ಹಿಡಿದು ಕುಳಿತೆ. ಮುಂಬೈಯವರು ಹಿಂದಿಯಲ್ಲಿ ಮಾತಾಡುತ್ತಾರೆ. ನನ್ನ ಹಿಂದಿಗೆ ಅವರು ನಕ್ಕರೆ? ಊಟವಾದ ಮೇಲೆ ಹಚ್ಚೋಣ ಎಂದುಕೊಂಡೆ. ಊಟ ಆಗುವಷ್ಟರಲ್ಲಿ ಸುದ್ದಿ ಬಂತು.

ಹೊರಡುವ ಮುಂಚೆ ಸವದತ್ತಿಯ ಗುಡ್ಡಕ್ಕೆ ಹೋಗಿ ಯಲ್ಲಮ್ಮನ ಭಂಡಾರವನ್ನು, ಆ ಹಳದಿ ಪುಡಿಯನ್ನು, ಒಂದು ಪುಡಕೆಯಲ್ಲಿ ತಂದುಕೊಂಡೆ. ಅದರಿಂದ ನನಗೆ ಕೆಲಸವಿತ್ತು. ನಮ್ಮ ಆಯಿ, ಅಂದರೆ ತಾಯಿಯ ತಾಯಿ, ಕಲಿಸಿದ ಒಂದು ರೂಢಿ ಇದೆ. ಸುಳ್ಳು ಹೇಳಲೇಬೇಕಾದ ಹೊತ್ತು ಬಂದರೆ, ಮುಷ್ಟಿಯಲ್ಲಿ ಭಂಡಾರ ಹಿಡಿದು, ಜನರಿಗೆ ಸುಳ್ಳನ್ನು ಗಟ್ಟಿಯಾಗಿ ಹೇಳಬೇಕು. ಹಿಂದೆಯೇ ತುಟಿಯೊಳಗೆ ಯಲ್ಲಮ್ಮ ತಾಯಿಗೆ ಖರೆ ಹೇಳಬೇಕು. ಆಯಿ ಇದಕ್ಕೆ "ತಾಯಿಗೆ ಒಪ್ಪಸೋದು" ಎನ್ನುತ್ತಿದ್ದಳು. ಅಜ್ಜ ಹಾಸಿಗೆ ಹಿಡಿದಾಗ "ನಾಳೆ ಏಳತೀರಿ, ಏನೂ ಆಗಿಲ್ಲ" ಎಂದು ಅವನಿಗೆ ಹೇಳಿ, ಗೋಡೆಯ ಕಡೆ ಹೊರಳಿ ಪಿಸುಗುಟ್ಟಿದ್ದನ್ನು ನಾನೇ ಕಂಡಿದ್ದೆ. ಹಾಗೆ ಒಪ್ಪಿಸಿದ ಸುಳ್ಳು ಮೈಗೆ ಹತ್ತುವುದಿಲ್ಲವಂತೆ.

ಮುಂಬೈ, ಆಮೇಲೆ ಆಕಾಶ

ಬೈಲಹೊಂಗಲದವರೆಗೆ ಬಸ್ಸಿನಲ್ಲಿ ಶೋಭಾ ರೊಟ್ಟಿಯ ಗಂಟನ್ನು ತೊಡೆಯ ಮೇಲೆ ಹಿಡಿದು ಕುಳಿತಳು. ಬೆಳಗಾವಿಯಲ್ಲಿ ಗಾಡಿ ಬದಲಿಸುವಾಗ, "ಅಕ್ಕಾರ, ರೊಟ್ಟಿ ಗಂಟು ಮ್ಯಾಲ ಇಡ್ರಿ, ಪುಡಿ ಆಗ್ತಾವ," ಎಂದಳು, ಅಷ್ಟೇ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಎರಡು ಸ್ವೆಟರು: ಇದು ನಮ್ಮ ಪರದೇಶದ ತಯಾರಿ.

ಮುಂಬೈ ವಿಮಾನ ನಿಲ್ದಾಣದಲ್ಲಿ ಭಂಡಾರದ ಪುಡಕೆ ಸಿಕ್ಕಿಬಿತ್ತು. ಒಬ್ಬ ಸಿಪಾಯಿ ಅದನ್ನು ಮೂಸಿ ನೋಡಿದ, ಇನ್ನೊಬ್ಬನನ್ನು ಕರೆದ. ಶೋಭಾ ಮುಂದೆ ಬಂದು ಅವರೊಡನೆ ಹಿಂದಿಯಲ್ಲಿ ಮಾತಾಡಿದಳು. ತಡವರಿಸದೆ, ತಲೆ ತಗ್ಗಿಸದೆ, ಬಜಾರದಲ್ಲಿ ಕಾಯಿಪಲ್ಲೆ ಚೌಕಾಶಿ ಮಾಡಿದ ಹಾಗೆ. ಸಿಪಾಯಿ ನಕ್ಕು ಪುಡಕೆ ತಿರುಗಿ ಕೊಟ್ಟ.

"ನಿನಗ ಇಷ್ಟು ಹಿಂದಿ ಎಲ್ಲಿ ಬಂತ?" ಎಂದೆ.

"ಪಿಯುಸಿದಾಗ ಹಾಸ್ಟೆಲ್‌ನ್ಯಾಗ ಇದ್ನೆಲ್ರಿ. ನೀವು ಯಾವತ್ತೂ ಕೇಳಲಿಲ್ಲ."

ವಿಮಾನದಲ್ಲಿ ಕಿಟಕಿಯ ಹತ್ತಿರ ಅವಳು ಕುಳಿತಳು. ಕೆಳಗೆ ಸಮುದ್ರ ಕಂಡಾಗಲೆಲ್ಲ ಕಿಟಕಿಯ ಮುಚ್ಚಳ ಎಳೆದುಕೊಂಡಳು.

ಜಡೆ ಬಿಟ್ಟ ಮರಗಳು

ಸವಾನಾದ ಮರಗಳನ್ನು ಕಂಡು ನಾನು ಕಾರಿನಲ್ಲೇ ಕೈ ಮುಗಿದೆ. ನಮ್ಮ ಗುಡ್ಡದಲ್ಲಿ ಕೂದಲು ಗಂಟುಗಟ್ಟಿ ಜಡೆಯಾದವರನ್ನು ತಾಯಿ ಹಿಡಿದಳು ಎನ್ನುತ್ತೇವೆ. ಆ ಊರಿನಲ್ಲಿ ಮರಗಳಿಗೇ ಜಡೆ ಬಂದಿದೆ. ರಸ್ತೆಯ ಎರಡೂ ಕಡೆ ದೊಡ್ಡ ಮರಗಳು, ಕೊಂಬೆ ಕೊಂಬೆಯಿಂದ ಬೂದಿ ಬಣ್ಣದ ಉದ್ದನೆಯ ಜಡೆಗಳು. ಗಾಳಿ ಇಲ್ಲದಾಗಲೂ ತುದಿ ಸ್ವಲ್ಪ ಅಲುಗುತ್ತದೆ. ಅದೊಂದು ಸಸಿಯಂತೆ, ಮರದ ಮೇಲೆ ಹಬ್ಬಿ ಗಾಳಿಯಲ್ಲೇ ಬದುಕುತ್ತದಂತೆ. ಕೈಯಿಂದ ಮುಟ್ಟಬೇಡಿ, ಒಳಗೆ ಕಣ್ಣಿಗೆ ಕಾಣದ ಹುಳಗಳಿರುತ್ತವೆ ಎಂದು ನಮ್ಮನ್ನು ಕರೆಯಲಿಕ್ಕೆ ಬಂದಿದ್ದ ಮೂರ್ತಿಯವರು ಹೇಳಿದರು.

ಮೂರ್ತಿಯವರು ಮೈಸೂರಿನವರು, ಬಹಳ ವರ್ಷದಿಂದ ಅಲ್ಲಿದ್ದಾರೆ. ನನ್ನ ಕನ್ನಡವನ್ನು ಇಂಗ್ಲಿಷು ಮಾಡುವುದು ಅವರ ಕೆಲಸ. ನಾನು "ಹೊತ್ತಾತ್ರಿ, ಉಣ್ಣಾಕ ಏನರ ಸಿಗತೈತೇನು" ಎಂದರೆ ಅವರು ಸ್ವಲ್ಪ ನಿಂತು, "ಊಟ ಅಲ್ಲವಾ?" ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು.

"ನಮ್ಮ ಮಾತು ನಿಮಗ ತಿಳೀತೈತಿಲ್ರಿ?" ಎಂದು ಶೋಭಾ ಕೇಳಿದಳು.

"ನಿಧಾನಕ್ಕೆ ಹೇಳಿದ್ರೆ ತಿಳಿಯುತ್ತಮ್ಮ. ಜಗಳ ಆಡೋವಾಗ ಮಾತ್ರ ತಿಳಿಯಲ್ಲ."

ಆ ಊರಿನವರಿಗೆ ಒಂದು ಚಾಳಿ ಇದೆ. ಎದುರು ಬಂದವರೆಲ್ಲ ನಕ್ಕು "ಹೇಗಿದ್ದೀರಿ" ಎಂದು ಕೇಳುತ್ತಾರೆ. ಉತ್ತರಕ್ಕೆ ನಿಲ್ಲದೆ ಹೋಗುತ್ತಾರೆ. ನಮ್ಮ ಕಡೆ ಹಾಗೆ ಕೇಳಿದವರು ಮೊಣಕಾಲು ನೋವಿನಿಂದ ಹಿಡಿದು ಎಮ್ಮೆ ಈದದ್ದರವರೆಗೆ ಕೇಳಿಯೇ ಹೋಗಬೇಕು. ಮೊದಲು ನಗೆ ಬಂತು. ಆಮೇಲೆ ನಾನು ತಮ್ಮನಿಗೆ ಫೋನಿನಲ್ಲಿ ಮಾಡಿದ್ದೂ ಅದನ್ನೇ ಎಂದು ಹೊಳೆದು ತಲೆ ತಗ್ಗಿಸಿ ನಡೆದೆ.

ಆರನೆಯ ಮಹಡಿ

ಕೋರ್ಟು ಎಂದು ಹೆದರಿದ್ದೆ, ಅದು ಕೋರ್ಟಾಗಿರಲಿಲ್ಲ. ವಕೀಲರ ಕಚೇರಿಯ ಒಂದು ಕೋಣೆ, ನಮ್ಮ ಕಡೆಯ ಚಚಡಿ ಊರಿನ ಹಳೆಯ ವಾಡೆಯ ಬಾಗಿಲಿನಷ್ಟು ದಪ್ಪನೆಯ ಮರದ ಮೇಜು. ಈ ಕಡೆ ನಮ್ಮ ವಕೀಲರು, ಆ ಕಡೆ ಕಂಪನಿಯ ವಕೀಲರು. ಸಾಕ್ಷಿಯನ್ನು ಮೊದಲು ಹೀಗೆ ಬರೆದುಕೊಂಡು ಆಮೇಲೆ ಕೋರ್ಟಿಗೆ ಒಯ್ಯುತ್ತಾರಂತೆ. ಶೋಭಾ ನನ್ನ ಬೆನ್ನ ಹಿಂದೆ ಗೋಡೆಗೆ ಹತ್ತಿದ ಕುರ್ಚಿಯಲ್ಲಿ ಕುಳಿತಳು.

ಮೇಜಿನ ತುದಿಯಲ್ಲಿ ಬಿಳಿಗೂದಲಿನ ಒಬ್ಬ ಹೆಂಗಸು, ಹೆಸರು ಡೊರೀನ್. ಅವಳ ಮೊಣಕಾಲುಗಳ ನಡುವೆ ಮೂರು ಕಾಲಿನ ಮೇಲೆ ನಿಂತ ಒಂದು ಸಣ್ಣ ಮಷೀನು ಇತ್ತು. ಮಷೀನು ಕಂಡರೆ ನನ್ನ ಕಣ್ಣು ತಾನೇ ಹೋಗುತ್ತದೆ. ಅದರ ಕರಿ ಕೀಲಿಗಳ ಮೇಲೆ ಒಂದು ಅಕ್ಷರವೂ ಇಲ್ಲ. ಕೀಲಿಗಳೂ ಕೆಲವೇ. ಅವಳು ಒಂದೊಂದಾಗಿ ಒತ್ತುವುದಿಲ್ಲ. ಭಜನೆಯಲ್ಲಿ ಪೇಟಿ ನುಡಿಸುವವರ ಹಾಗೆ ನಾಲ್ಕಾರು ಬೆರಳು ಒಮ್ಮೆಲೇ ಇಳಿಯುತ್ತವೆ, ಏಳುತ್ತವೆ. ಪೇಟಿಗೆ ಸ್ವರವಾದರೂ ಇದೆ. ಇದಕ್ಕೆ ಸಪ್ಪಳವೇ ಇಲ್ಲ. ಹಗಲೆಲ್ಲ ಕಟಕಟ ಎನ್ನುವ ಮಷೀನಿನ ಮುಂದೆ ಬದುಕಿದ ನನಗೆ ಅದು ಸತ್ತ ಮಷೀನಿನ ಹಾಗೆ ಕಂಡಿತು. ಸತ್ತದ್ದು ಕೆಲಸ ಮಾಡುತ್ತಿತ್ತು.

"ಅದು ಏನ್ ಮಾಡತೈತ್ರಿ?" ಎಂದು ಮೂರ್ತಿಯವರನ್ನು ಕೇಳಿದೆ.

"ಶೀಘ್ರಲಿಪಿ ಯಂತ್ರ. ಮಾತಾಡಿದಷ್ಟೇ ಬೇಗ ಬರೆದುಕೊಳ್ಳುತ್ತೆ. ನೀವು ಹೆದರಬೇಡಿ, ನಿಮ್ಮ ಕನ್ನಡ ಅದಕ್ಕೆ ಬೇಕಿಲ್ಲ. ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಮಾತ್ರ ಸಾಕು."

ಅದನ್ನು ಕೇಳಿ ಧೈರ್ಯ ಬಂತು. ಡೊರೀನ್ ನನ್ನ ಸೆರಗಿಗೆ ಕೋಟಿನ ಗುಂಡಿಯಂಥ ಕರಿ ಮೈಕು ಸಿಕ್ಕಿಸಿದಳು, ತನ್ನ ಕಿವಿಗೆ ತಂತಿ ಹಾಕಿಕೊಂಡಳು. ಬಲಗೈ ಎತ್ತಿ ಖರೆ ಹೇಳುತ್ತೇನೆ ಎನ್ನಿ ಎಂದರು, ಎತ್ತಿದೆ. ಎಡಗೈಯ ಮುಷ್ಟಿಯಲ್ಲಿ ಭಂಡಾರವಿತ್ತು.

ಕಂಪನಿಯ ವಕೀಲರು ಬಹಳ ಮೆತ್ತಗೆ ಕೇಳಿದರು. ಊರು ಯಾವುದು, ತಮ್ಮನೆಂದರೆ ಪ್ರೀತಿಯೆ, ಎಲ್ಲಾ ಆಯಿತು. ಕೊನೆಗೆ, ಆ ದಿನ ಕರೆ ಬಂದಾಗ ಅವನು ಏನು ಹೇಳಿದ?

"ದನಿ ಬರಲಿಲ್ರಿ," ಎಂದೆ ಗಟ್ಟಿಯಾಗಿ.

ಮೂರ್ತಿಯವರು ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದ ಹಾಗೆ ನಾನು ಗದ್ದವನ್ನು ಎದೆಗೆ ತಗ್ಗಿಸಿ, ತುಟಿ ಅಲುಗದಂತೆ ತಾಯಿಗೆ ಒಪ್ಪಿಸಿದೆ. ತಲೆ ಎತ್ತಿದಾಗ ಕಂಪನಿಯ ವಕೀಲರು ಸಮಾಧಾನವಾದವರಂತೆ ಕಾಗದ ಮಡಚುತ್ತಿದ್ದರು. ಡೊರೀನಳ ಬೆರಳುಗಳು ಮಾತ್ರ ಎಲ್ಲರ ಮಾತು ನಿಂತ ಮೇಲೂ ಒಂದು ಗಳಿಗೆ ಇಳಿದು ಎದ್ದು ಮಾಡುತ್ತಿದ್ದವು.

ಊಟದ ಕೋಣೆ

ಮಧ್ಯಾಹ್ನ ಬಿಡುವು ಕೊಟ್ಟರು. ನಾನು ಮೊದಲು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಸುಮ್ಮನೆ ಕುಳಿತೆ. ಸ್ವಲ್ಪ ಹೊತ್ತಿಗೆ ದೀಪ ತಾನೇ ಆರಿತು. ಕಿರುಚುವವಳಿದ್ದೆ. ಕೈ ಎತ್ತಿದೊಡನೆ ಮತ್ತೆ ಹತ್ತಿತು. ಅಲ್ಲಿ ಅಲುಗಾಡದೆ ಕುಳಿತರೆ ಒಳಗೆ ಯಾರೂ ಇಲ್ಲ ಎಂದು ದೀಪ ತಿಳಿಯುತ್ತದೆ. ಕೈ ಒಡ್ಡಿದರೆ ನಲ್ಲಿ ಸುರಿಯುತ್ತದೆ, ತೆಗೆದರೆ ನಿಲ್ಲುತ್ತದೆ. ಆ ಊರಿನಲ್ಲಿ ಎಲ್ಲವೂ ನಮ್ಮನ್ನು ಗಮನಿಸುತ್ತ ಕುಳಿತಿವೆ ಅನಿಸಿತು. ಎಡಗೈ ತೊಳೆದೆ. ಬೆವರಿಗೆ ಭಂಡಾರ ಕರಗಿ ಅಂಗೈಯ ಗೆರೆಗಳೆಲ್ಲ ಹಳದಿಯಾಗಿದ್ದವು, ಹೋಗಲಿಲ್ಲ.

ಊಟದ ಕೋಣೆಯಲ್ಲಿ ಶೋಭಾ ರೊಟ್ಟಿ ಮುರಿದು ಚಟ್ನಿ ಹಚ್ಚಿ ಕೊಟ್ಟಳು. ಎದುರಿನ ಮೇಜಿನಲ್ಲಿ ಡೊರೀನ್ ಒಬ್ಬಳೇ ಕುಳಿತಿದ್ದಳು.

"ಅಕ್ಕಾರ, ಒಂದ್ ಮಾತರ ಕೇಳಿಸಿತ್ತೇನ್ರಿ ಅವತ್ತು? 'ಹಲೋ' ಅಂದದ್ದರ?" ಎಂದಳು ಶೋಭಾ. "ಅವರ ಕಡೀ ಹಲೋ ಸೈತ ನನಗ ಸಿಗಲಿಲ್ಲ ನೋಡ್ರಿ."

"ಇಲ್ಲವ್ವಾ," ಎಂದೆ. ಎನ್ನುತ್ತಿದ್ದ ಹಾಗೆ ನನ್ನ ಕಣ್ಣು ಡೊರೀನಳ ಕೈಗೆ ಹೋಯಿತು. ಮಷೀನು ಅಲ್ಲಿರಲಿಲ್ಲ. ಬರಿ ಮೇಜಿನ ಮೇಲೆ ಅವಳ ಬೆರಳುಗಳು ಇಳಿಯುತ್ತ ಏಳುತ್ತ ಇದ್ದವು. ಶೋಭಾ ಮಾತಾಡಿದರೆ ಆಡುತ್ತವೆ, ಸುಮ್ಮನಾದರೆ ನಿಲ್ಲುತ್ತವೆ. ನಾನು ಬೇಕೆಂದೇ "ರೊಟ್ಟಿ" ಎಂದೆ. ಬೆರಳು ಒಮ್ಮೆ ಇಳಿದು ಎದ್ದವು.

ಚಹಾ ಹಿಡಿದು ಬಂದ ಮೂರ್ತಿಯವರಿಗೆ ತೋರಿಸಿದೆ. ಅವರು ನಗುತ್ತ ಡೊರೀನಳಿಗೆ ಹೇಳಿದರು. ಅವಳು ನಾಚಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಚಟ ಅಂತೆ," ಎಂದರು ಮೂರ್ತಿಯವರು. "ಕಿವಿಗೆ ಬಿದ್ದದ್ದನ್ನೆಲ್ಲ ಬೆರಳು ಬರೆಯುತ್ತಂತೆ. ಚರ್ಚಿನಲ್ಲಿ ಕೂತ್ರೂ, ನಿದ್ದೆಯಲ್ಲೂ. ಗಂಡ ಬೈತಾರಂತೆ."

"ನಮ್ಮ ಮಾತು ಆಕಿಗೆ ತಿಳಿಯೂದಿಲ್ಲಲ್ರಿ?"

ಅವರು ಕೇಳಿ ಹೇಳಿದರು: "ಆ ಮಷೀನು ಅಕ್ಷರ ಬರೆಯಲ್ಲ, ಸದ್ದು ಬರೆಯುತ್ತೆ. ತಿಳಿಯೋದು ಬೇಕಾಗಿಲ್ಲ ಅಂತಾರೆ. ಅರ್ಥ ಮಾಡಿಕೊಳ್ಳೋಕೆ ಹೋದ್ರೆ ಕೈ ನಿಧಾನ ಆಗುತ್ತಂತೆ."

ಸೆರಗಿನ ಮೇಲಿನ ಕರಿ ಗುಂಡಿಯನ್ನು ಮುಟ್ಟಿ ನೋಡಿದೆ. ಅದು ಇನ್ನೂ ಅಲ್ಲೇ ಇತ್ತು.

ಮತ್ತೆ ಆರನೆಯ ಮಹಡಿ

ಎಲ್ಲರೂ ಕುಳಿತ ಮೇಲೆ ಡೊರೀನ್ ಕೈ ಎತ್ತಿದಳು. ಅವಳು ಹೇಳಿದ್ದನ್ನು ಮೂರ್ತಿಯವರು ನನಗೆ ತಿಳಿಸಿದರು: ಸಾಕ್ಷಿಯವರು ಕೊನೆಯ ಉತ್ತರದ ಹಿಂದೆಯೇ ಇನ್ನೇನೋ ಹೇಳಿದ್ದಾರೆ, ಅದು ಇಂಗ್ಲಿಷಿಗೆ ಬಂದಿಲ್ಲ. ಅದರಲ್ಲಿ 'ಮಷೀನ್' ಎಂಬುದೊಂದು ಅವಳಿಗೆ ತಿಳಿಯಿತಂತೆ. ತನ್ನ ಯಂತ್ರದ ಬಗ್ಗೆ ಏನಾದರೂ ತಕರಾರು ಇದ್ದರೆ ಅದು ದಾಖಲೆಯಲ್ಲಿ ಇರಬೇಕಂತೆ. ಸದ್ದನ್ನು ಹಿಡಿದಿಟ್ಟಿದ್ದಾಳಂತೆ, ಓದಲೆ ಎನ್ನುತ್ತಾಳೆ.

ನಮ್ಮ ವಕೀಲರು ಓದಿ ಎಂದರು.

ಅವಳು ಕನ್ನಡಕ ಸರಿಮಾಡಿಕೊಂಡು ಪಕ್ಕದ ಕಂಪ್ಯೂಟರಿನ ತೆರೆಯನ್ನು ನೋಡುತ್ತ ಓದಿದಳು. ಏರಿಳಿತವಿಲ್ಲದೆ, ಅಳೆದು ಕತ್ತರಿಸಿದ ಬಟ್ಟೆಯ ತುಂಡುಗಳ ಹಾಗೆ:

"ತಾಯಿ. ಎದಿ. ನೋ. ತೈತಿ. ಅಂದಿದ್ದ. ಮಶೀನ್. ನಿಲ್. ಸಲಿಲ್ಲ. ನಾ."

ಸುರೇಬಾನ ಎಲ್ಲಿದೆ ಎಂದು ತಿಳಿಯದ ಬಾಯಿಂದ ಸುರೇಬಾನದ ಮಾತು ಬಂತು. ನನ್ನ ತುಟಿಯ ಒಳಗಿನದು, ತಾಯಿಯ ಹೊರತು ಯಾರಿಗೂ ಕೇಳಿಸಬಾರದ್ದು. ಆಯಿ ಗೋಡೆಗೆ ಹೊರಳಿ ಆಡಿದ ಪಿಸುಮಾತೆಲ್ಲ ಹೀಗೆಯೇ ಎಲ್ಲೋ ಯಾರದೋ ಬೆರಳ ಕೆಳಗೆ ಹೋಗಿ ಕುಳಿತಿದ್ದರೆ ಎಂದು ಆಗ ಅನಿಸಿತು.

ಹಿಂದೆ ಶೋಭಾಳ ಕುರ್ಚಿ ಕಿರ್ ಎಂದಿತು. ನಾನು ಹೊರಳಲಿಲ್ಲ.

ಮೂರ್ತಿಯವರು ಹುಬ್ಬು ಗಂಟಿಕ್ಕಿದರು. "ಒಡೆದೊಡೆದು ಓದ್ತಾ ಇದಾರೆ, ನನಗೆ ಪೂರ್ತಿ ತಿಳೀತಿಲ್ಲಮ್ಮ. 'ತಾಯಿ' ಅಂದ್ರಿ. ದೇವರನ್ನ ನೆನೆದದ್ದಾ? ಪ್ರಾರ್ಥನೆ ಅಂದ್ರೆ ಪ್ರಾರ್ಥನೆ ಅಂತ ಹೇಳಿಬಿಡ್ತೀನಿ."

ಹೌದು ಎಂದರೆ ಸಾಕಾಗಿತ್ತು. ಸುಳ್ಳು ಕೂಡ ಅಲ್ಲ. ಕಂಪನಿಯ ವಕೀಲರು ಗಡಿಯಾರ ನೋಡುತ್ತಿದ್ದರು. ಆದರೆ ಆ ಕೋಣೆಯಲ್ಲಿ ಅದನ್ನು ಅರ್ಥ ಮಾಡಿಕೊಂಡ ಇನ್ನೊಬ್ಬಳು ನನ್ನ ಬೆನ್ನ ಹಿಂದೆ ಇದ್ದಳು. ಅವಳು ಎದ್ದು ಹೇಳಬಹುದಿತ್ತು. ಹೇಳಲಿಲ್ಲ. ಅವಳ ಉಸಿರು ನನಗೆ ಕೇಳುತ್ತಿತ್ತು. ಬಸು ಫೋನಿನಲ್ಲಿ ನನ್ನ ಉತ್ತರಕ್ಕೆ ಕಾದಾಗಲೂ ಅಂಥದೇ ಉಸಿರು ಇತ್ತು, ಕಟಕಟದ ಆಚೆ.

"ಪ್ರಾರ್ಥನೆ ಅಲ್ರಿ," ಎಂದೆ. "ನಾ ಸುಳ್ಳು ಹೇಳೇನಿ. ದನಿ ಬಂದಿತ್ತು. ನಿಧಾನಕ ಹೇಳತೇನಿ, ನೀವು ಒಂದೂ ಬಿಡದಂಗ ಹೇಳ್ರಿ."

ಹೇಳಿದೆ. ಎದೆನೋವು, ಡಾಕ್ಟರರ ಬಳಿ ಬಿಡದ್ದು, ಮುಂಬೈ ಆಫೀಸು, ಅಜವಾನ ನೀರು. "ಶೋಭಾಗ ಹೇಳಬ್ಯಾಡ, ಅಂಜತಾಳ" ಎಂದು ಅವನು ಹೇಳಿದ್ದು. ಕೊನೆಗೆ ಯಾರಿಗೂ, ತಾಯಿಗೂ, ಪೂರ್ತಿ ಒಪ್ಪಿಸದೆ ಇಟ್ಟುಕೊಂಡಿದ್ದ ಮಾತು: "ಮಷೀನ್ ನಿಲ್ಲಸು ಅಕ್ಕಾ, ನಿನ್ನ ಮಾತು ಕೇಳಸವಲ್ದು." ನಾನು ನಿಲ್ಲಿಸಲಿಲ್ಲ. ಜಂಪರಕ್ಕೆ ತೋಳು ಕೂಡಿಸುತ್ತಿದ್ದೆ, ನಡುವೆ ಬಿಟ್ಟರೆ ಹೊಲಿಗೆ ಡೊಂಕಾಗುತ್ತದೆ ಎಂದು.

ಕಂಪನಿಯ ವಕೀಲರು ಮಡಚಿದ ಕಾಗದ ಮತ್ತೆ ಬಿಚ್ಚಿದರು. ಇನ್ನೂ ಬಹಳ ಕೇಳಿದರು, ಈಗ ಮೆತ್ತಗೆ ಅಲ್ಲ. ಬೆಳಿಗ್ಗೆ ಸುಳ್ಳು ಹೇಳಿದವಳು ಈಗ ಖರೆ ಹೇಳುತ್ತಾಳೆ ಎಂದು ಯಾಕೆ ನಂಬಬೇಕು ಎಂದೂ ಕೇಳಿದರು. ಹಳದಿ ಅಂಗೈಯನ್ನು ಮೇಜಿನ ಮೇಲಿಟ್ಟೆ. ಅದರ ಅರ್ಥ ಅಲ್ಲಿ ಯಾರಿಗೆ ಗೊತ್ತು. ಡೊರೀನಳ ಬೆರಳುಗಳು ಇಳಿದವು, ಎದ್ದವು. ಸಪ್ಪಳವಾಗಲಿಲ್ಲ.

ನದಿಯ ದಂಡೆ

ಸಂಜೆ ಶೋಭಾ ಹೋಟೆಲಿಗೆ ಬರಲಿಲ್ಲ, ನದಿಯ ಕಡೆ ನಡೆದಳು. ನಾನು ನಾಯಿಯ ಹಾಗೆ ಹಿಂದೆ ಹೋದೆ. ಆ ನದಿಯಲ್ಲಿ ಸಮುದ್ರದ ಹಡಗುಗಳೇ ಊರ ನಡುವೆ ಬರುತ್ತವೆ. ಅಂಗಡಿಗಳ ಸಾಲಿನ ಆಚೆ ಒಂದು ಗುಡ್ಡ ಸರಿದ ಹಾಗೆ ಕಂಡಿತು. ನಿಂತು ನೋಡಿದರೆ ಹಡಗು. ಅಷ್ಟು ದೊಡ್ಡದು, ಅಷ್ಟು ಹತ್ತಿರ, ನೀರು ಕಡೆದ ಸಪ್ಪಳ ಕೂಡ ಇಲ್ಲ. ಮೇಲೆ ಒಂದು ಸಣ್ಣ ಬಾಗಿಲಿನಲ್ಲಿ ಅಡುಗೆಯವನ ಬಿಳಿ ಅಂಗಿ ತೊಟ್ಟ ಒಬ್ಬ ನಿಂತಿದ್ದ. ನಮ್ಮನ್ನೇ ನೋಡುತ್ತಿದ್ದಂತಿತ್ತು. ಶೋಭಾ ಅವನು ಕಣ್ಮರೆಯಾಗುವ ತನಕ ನೋಡಿದಳು. ಆಮೇಲೆ ನನ್ನ ಕಡೆ ಹೊರಳದೆ ಹೇಳಿದಳು:

"ಅಂಜತಾಳ ಅಂದ್ರಾ ಅವರು ನನಗ?"

"ಹೌದವ್ವಾ."

"ನಾ ಹಚ್ಚತಿದ್ನಿ ಫೋನ. ನನಗ ಹಿಂದಿ ಬರತೈತಿ."

ಜಡೆಯ ಮರಗಳ ಕೆಳಗೆ ಹಾದು ತಿರುಗಿ ಬಂದೆವು. ಒಂದು ಜಡೆ ನನ್ನ ಹೆಗಲನ್ನು ಸವರಿತು. ಕೊಡವಿಕೊಳ್ಳಲಿಲ್ಲ.

ಮುನವಳ್ಳಿ

ಬರುವಾಗ ಕಿತ್ತೂರಿನ ಬಳಿ ಹೆದ್ದಾರಿಯಲ್ಲಿ ಗಾಡಿ ಕೆಟ್ಟಿತು. ಚಹಾ ಕುಡಿಯುತ್ತ ನಿಂತಾಗ ಚಹಾದವನು, "ಯಾವ ಊರಿಂದ ಬಂದ್ರಿ, ಭಾಳ ದಣದೀರಿ," ಎಂದು ಕೇಳಿ ನಮ್ಮ ಉತ್ತರಕ್ಕೆ ಕಾದು ನಿಂತ. ಅಷ್ಟಕ್ಕೇ ನನಗೆ ಅಳು ಬಂತು. ಶೋಭಾ ನನ್ನ ಕೈಯಿಂದ ಲೋಟ ಇಸಿದುಕೊಂಡಳು. ಸಮಾಧಾನ ಮಾಡಲಿಲ್ಲ.

ಸವಾನಾದ ಕೇಸು ಇನ್ನೂ ನಡೆದಿದೆ. ಡಾಕ್ಟರರ ಬಳಿ ಕಳಿಸಿ ಎಂದು ಬಸು ಕೇಳಿದ್ದ, ಹಡಗಿನವರು ಬಿಡಲಿಲ್ಲ ಎಂಬುದು ಈಗ ಬರಹದಲ್ಲಿದೆ ಎಂದು ನಮ್ಮ ವಕೀಲರು ಹೇಳಿಕಳಿಸಿದ್ದಾರೆ. ನಾನು ಮುಂಬೈಗೆ ಫೋನ್ ಹಚ್ಚಲಿಲ್ಲ ಎಂಬುದೂ ಅದೇ ಬರಹದಲ್ಲಿದೆ.

ಶೋಭಾ ನನ್ನ ಮನೆಗೆ ಬರುವುದು ಬಿಟ್ಟಳು. ಆದರೆ ಕೆಲವು ದಿನ ಮಧ್ಯಾಹ್ನ ಅಂಗಡಿಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ನಾನು ತುಳಿಯುತ್ತಿರುತ್ತೇನೆ.

"ಮಷೀನ್ ನಿಲ್ಲಸ್ರಿ ಅಕ್ಕಾರ," ಎನ್ನುತ್ತಾಳೆ.

ಗಾಲಿಯ ಮೇಲೆ ಅಂಗೈ ಇಟ್ಟು ನಿಲ್ಲಿಸುತ್ತೇನೆ.

"ಹೇಳ್ರಿ."

"ಅಕ್ಕಾ, ಎದಿ ನೋಯ್ತೈತಿ" ಎಂಬಲ್ಲಿಂದ ಹಿಡಿದು ಪೂರ್ತಿ ಹೇಳುತ್ತೇನೆ, ಅವನ ಮಾತಿನಲ್ಲಿ. ಅವಳು ಒಳಗೆ ಬರುವುದಿಲ್ಲ, ಕೂಡುವುದಿಲ್ಲ. ಬಾಗಿಲಿಗೆ ಹತ್ತಿದ, ಬಟ್ಟೆ ಕತ್ತರಿಸುವ ಹಲಗೆಯ ಅಂಚನ್ನು ಹಿಡಿದಿರುತ್ತಾಳೆ. ಮೊನ್ನೆ ನಾನು ಅಜವಾನ ನೀರಿನ ಮಾತನ್ನು ಮುಂಬೈ ಆಫೀಸಿನ ಮಾತಿಗಿಂತ ಮೊದಲು ಹೇಳಿಬಿಟ್ಟೆ.

"ಅದು ಆಮ್ಯಾಲ," ಎಂದಳು. "ಮೊದಲಿಂದ ಹೇಳ್ರಿ."

ಮೊದಲಿನಿಂದ ಹೇಳಿದೆ. ಹೇಳುತ್ತ ಅವಳ ಕೈ ನೋಡಿದೆ. ಹಲಗೆಯ ಅಂಚಿನ ಮೇಲೆ ಅವಳ ಬೆರಳುಗಳು ಕೂಡಿಯೇ ಇಳಿಯುತ್ತಿದ್ದವು, ಕೂಡಿಯೇ ಏಳುತ್ತಿದ್ದವು. ಅವಳಿಗೆ ಅದು ಗೊತ್ತಿದ್ದಂತೆ ಕಾಣಲಿಲ್ಲ. ನಾನು ಕೊನೆಯ ಮಾತು ಆಡಿ ಸುಮ್ಮನಾದ ಮೇಲೂ ಒಂದು ಗಳಿಗೆ ಆಡುತ್ತಲೇ ಇದ್ದವು.